ಸೂರ್ಯ ರಜೆಯಲ್ಲಿದ್ದಾಗ ಕಲಿತದ್ದು

ಡಿಸೆಂಬರ್ ಮೂರಕ್ಕೆ ಇನಾರಿ ಸರೋವರದಾಚೆ ಇಳಿದವನು
ಇನ್ನು ನಲವತ್ತು ದಿನ ಇತ್ತ ತಲೆ ಹಾಕುವುದಿಲ್ಲ.
ನಮ್ಮ ತರಗತಿ ಶುರುವಾದದ್ದು ನಾಲ್ಕಕ್ಕೆ.
ಸೋಲಾರ್ ಕೋರ್ಸು. ಹನ್ನೊಂದು ಮಂದಿ.
ಹೊರಗೆ ಮೈನಸ್ ಇಪ್ಪತ್ತೆಂಟು.

"ಮದುಮಗನಿಲ್ಲದ ಮದುವೆಗೆ ಚಪ್ಪರ ಹಾಕ್ತೀಯಲ್ಲೇ,"
ಅಂದ ಯೋವ್ನಾ ಮಾವ.
ನಾನು ಏಳು ವರ್ಷ ಸ್ನೋಮೊಬೈಲ್ ಬಿಚ್ಚಿ ಕಟ್ಟಿದವಳು,
ಉಗುರಿನ ಎಣ್ಣೆ ಇನ್ನೂ ಹೋಗಿರಲಿಲ್ಲ.
ಉತ್ತರ ಹೊಳೆಯಲಿಲ್ಲ, ಹೆಸರು ಬರೆಸಿಯಾಗಿತ್ತು.

ಒಸ್ಮೊ ಮೇಷ್ಟ್ರು ವರ್ಕ್‌ಶಾಪಿನ ತೊಲೆಗೆ ಹಗ್ಗ ಕಟ್ಟಿ
ಒಂದು ಹ್ಯಾಲೊಜೆನ್ ದೀಪ ಇಳಿಬಿಟ್ಟರು.
ಐನೂರು ವ್ಯಾಟು. "ಸದ್ಯಕ್ಕೆ ಇವನೇ ಸೂರ್ಯ, ಕೈ ಮುಗಿಯಿರಿ."
ಹಗ್ಗ ಎಳೆದರೆ ಮಧ್ಯಾಹ್ನ, ಬಿಟ್ಟರೆ ಸಂಜೆ.
ಕೆಳಗೆ ಮಲಗಿಸಿದ ಪ್ಯಾನಲ್ಲು
ಹಸಿಗೂಸಿನ ಹಾಗೆ ಮುಖ ಒಡ್ಡಿತು.
ಐನೂರು ಉಂಡ ದೀಪದಿಂದ ನಮಗೆ ಮರಳಿದ್ದು ಆರು.
ಸಾಲ ತಂದು ದಾನ ಮಾಡಿದ ಲೆಕ್ಕ!
ನಾವು ನಕ್ಕೆವು. ಮೇಷ್ಟ್ರು ನಗದೆ ಬೋರ್ಡಿನ ಮೇಲೆ ಬರೆದರು:
ಉಳಿದ ನಾನೂರ ತೊಂಬತ್ನಾಲ್ಕು ಎಲ್ಲಿ ಹೋಯಿತು?

ಹುಡುಕಲು ಎರಡು ವಾರ ಬೇಕಾಯಿತು.
ಗಾಜು ನುಂಗಿದ್ದಷ್ಟು, ಗೋಡೆಗೆ ಚೆಲ್ಲಿದ್ದಷ್ಟು,
ಬರಿದೇ ಬಿಸಿಯಾಗಿ ಹೋದದ್ದಂತೂ ಬಹಳ.
ಒಂದು ದಿನ ಹಿಲ್ಲೆವಿ ಮರೆತು
ತನ್ನ ಕೈಗವಸನ್ನು ಪ್ಯಾನಲ್ಲಿನ ಮೂಲೆಗಿಟ್ಟಳು,
ಇಡೀ ಸಾಲು ಸುಮ್ಮನಾಯಿತು;
ಪಂಕ್ತಿಯಲ್ಲಿ ಒಬ್ಬ ಮುನಿಸಿಕೊಂಡರೆ
ಎಲ್ಲರ ಊಟ ನಿಂತ ಹಾಗೆ.

ಹನ್ನೆರಡೂವರೆಗೆ ಆಕಾಶ ಒಂದಿಷ್ಟು ನೀಲಿಯಾಗುತ್ತದೆ,
ಹಾಲಿಗೆ ಒಂದು ತೊಟ್ಟು ಶಾಯಿ ಬಿದ್ದ ಹಾಗೆ.
ಅಷ್ಟರಲ್ಲೇ ಪ್ಯಾನಲ್ಲು ಹೊತ್ತು ಹೊರಗೋಡಿದೆ, ಮೀಟರು ಹಿಡಿದೆ:
ಹದಿನೇಳು ವೋಲ್ಟು!
ಬಲ್ಬು ಸಿಕ್ಕಿಸಿದೆ. ಮಿಣುಕಲೂ ಇಲ್ಲ.
"ವೋಲ್ಟೇಜು ಅಂದರೆ ಆಸೆ," ಅಂದರು ಮೇಷ್ಟ್ರು
ಮೀಸೆಯ ಹಿಮ ಒರೆಸಿಕೊಂಡು, "ಕರೆಂಟು ದುಡಿಮೆ.
ಆಸೆ ಮಬ್ಬಿನಲ್ಲೂ ಇರುತ್ತದೆ ಮಗಳೇ.
ಸಂಬಳ ಬರುವುದು ಎರಡನ್ನೂ ಗುಣಿಸಿದಾಗ."

ಏಪ್ರಿಲಿನಲ್ಲಿ ನೋಟಿಸ್ ಬೋರ್ಡಿಗೆ ಕೆಲಸಗಳು ಬಂದವು.
ಟಾಂಪೆರೆಯಲ್ಲಿ ಕುರ್ಚಿ, ಎರಡು ಪರದೆ,
ಕಣ್ಣಾರೆ ಕಾಣದ ಚಾವಣಿಗಳ ಮೇಲೆ ಪ್ಯಾನಲ್ ಬಿಡಿಸುವುದು:
ಹಿಲ್ಲೆವಿ ಹೋದಳು.
ಓಲುವಿನ ಗೋದಾಮಿನ ನೆತ್ತಿ, ಸೊಂಟಕ್ಕೆ ಹಗ್ಗ,
ಗಂಟೆಗೆ ಹತ್ತೊಂಬತ್ತು ಯೂರೊ:
ಅವಳಿಗಳು ಐಮೊ, ಔಲಿಸ್ ಒಂದೇ ಕಾರಿನಲ್ಲಿ ಹೊರಟರು.
ಒಬ್ಬ ಬ್ಯಾಂಕು ಸೇರಿದ, ಸೋಲಾರ್ ಸಾಲಕ್ಕೆ ಸಹಿ ಹಾಕಿಸಲು;
ನಮ್ಮಲ್ಲಿ ವೈರನ್ನು ಉಲ್ಟಾ ಸಿಕ್ಕಿಸುತ್ತಿದ್ದವನು ಅವನೇ.

ನನಗೆ ಸಿಕ್ಕಿದ್ದು ಒಂದು ಪೊರಕೆ.
ಮೆತ್ತನೆ ಪೊರಕೆ, ಮೀಟರು, ಜಾರುಬಂಡಿ,
ಹಿಮಸಾರಂಗ ಕಾಯುವವರ ಇಪ್ಪತ್ತಮೂರು ಗುಡಿಸಲು.
ಗೋಡೆಗೆ ನೆಟ್ಟಗೆ ನಿಲ್ಲಿಸಿದ ಪ್ಯಾನಲ್ಲುಗಳು;
ಮಲಗಿಸಿದರೆ ಹಿಮ ಹೊದ್ದು ನಿದ್ದೆ ಹೋಗುತ್ತವೆ
ಎಂದು ಬರೆದು ಪರೀಕ್ಷೆಯಲ್ಲಿ ಎರಡು ಅಂಕ ಪಡೆದಿದ್ದೆ.
ಚಳಿ ಅವಕ್ಕೆ ಹಿತ.
ನೆಲದ ಹಿಮವೂ ಕೆಳಗಿನಿಂದ ಕನ್ನಡಿ ಹಿಡಿಯುತ್ತದೆ.

ಜೂನಿನಲ್ಲಿ ಮಾವನ ಗುಡಿಸಲಿನ ಸರದಿ.
ರಾತ್ರಿ ಒಂದು ಗಂಟೆ. ಸೂರ್ಯ ಬೇಲಿಯ ಮೇಲೆ ಕೂತಿದ್ದ,
ಮನೆಗೆ ಹೋಗಲೊಲ್ಲದ ಅತಿಥಿ.
ಸಾರಂಗಗಳ ಕೊರಳಿಗೆ ಕಟ್ಟುವ ಜಿಪಿಎಸ್ ಪಟ್ಟಿ ಚಾರ್ಜಾಗಿತ್ತು,
ರೇಡಿಯೋ ಚಾರ್ಜಾಗಿತ್ತು, ಬ್ಯಾಟರಿ ಪೆಟ್ಟಿಗೆಯ ಹಸಿರು ದೀಪ
ಸಾಕು ಸಾಕು ಅನ್ನುತ್ತಿತ್ತು.
ಮಾವ ಕಪಾಟಿನಿಂದ ಕ್ಲೌಡ್‌ಬೆರಿ ಮುರಬ್ಬದ ಜಾಡಿ ತೆಗೆದ,
ಹೋದ ಆಗಸ್ಟಿನದು. ಒಂದು ಚಮಚ ನನ್ನ ಕೈಗೆ.
"ನಿಮ್ಮಜ್ಜಿ ಬೇಸಗೆಯನ್ನು ಹೀಗೆ ಕಾಪಿಡುತ್ತಿದ್ದಳು.
ನಿನ್ನ ಈ ಪೆಟ್ಟಿಗೆ
ಜೂನನ್ನು ಡಿಸೆಂಬರಿನ ತನಕ ಇಡುತ್ತದಾ?"

"ಇಲ್ಲ. ಮೂರು ದಿನ. ಹೆಚ್ಚೆಂದರೆ ನಾಲ್ಕು."
"ಮತ್ತೆ ಕಲಿತದ್ದೇನೇ?"

ಪ್ರಶ್ನೆಪತ್ರಿಕೆಯಲ್ಲಿ ಇದು ಇರಲಿಲ್ಲ.
ಸರ್ವಿಸ್ ಪುಸ್ತಕ ತೆರೆದು, ಗುಡಿಸಲು ಹದಿನಾಲ್ಕರ ಮುಂದೆ,
'ದೂರು' ಎಂಬ ಖಾನೆಯಲ್ಲಿ ಅವನ ಮಾತನ್ನು ಹಾಗೇ ಬರೆದುಕೊಂಡೆ.
'ಪರಿಹಾರ' ಖಾಲಿ ಬಿಟ್ಟು
ಚಮಚ ನೆಕ್ಕಿದೆ.
ಹತ್ತು ತಿಂಗಳ ಹಳೆಯ ಬಿಸಿಲಿನ ಒಂದು ಬೀಜ
ಹಲ್ಲಿನ ಸಂದಿಗೆ ಸಿಕ್ಕಿಕೊಂಡಿತು.